ಕೆಂಪು ದಾರದ ಕೂದಲು

"ಅಲ್ಲಾಡ್ಬೇಡ್ವೇ ರಂಗಿ. ಇನ್ನೊಂದು ಸಿಕ್ಕು ಐತೆ," ಅಂದಳು ಸರೋಜ ಚಿಕ್ಕಮ್ಮ.

ರಂಗಿ ಅಲ್ಲಾಡಲಿಲ್ಲ. ಕಣ್ಣನ್ನು ಮಾತ್ರ ಓರೆ ಮಾಡಿ ಗೋಡೆಯ ಕನ್ನಡಿಯನ್ನೇ ನೋಡುತ್ತಿದ್ದಳು. ಕನ್ನಡಿಯಲ್ಲಿ ಚಿಕ್ಕಮ್ಮನ ಕೈ ಕಾಣುತ್ತಿತ್ತು. ಆ ಕೈ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಒಂದೊಂದಾಗಿ ಬಿಡಿಸಿ, ಉದ್ದಕ್ಕೆ ನೀವಿ, ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿತ್ತು.

ಅಜ್ಜಿ ತಲೆ ಬಾಚಿದರೆ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಥೂ ಥೂ ಥೂ ಎಂದು ಮೂರು ಸಲ ಉಗಿದು, ತಿಪ್ಪೆಗೆ ಎಸೆಯುತ್ತಾಳೆ. ಅಮ್ಮನೂ ಹಾಗೇ ಮಾಡುತ್ತಾಳೆ. ಊರಿನ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ. ಈ ಚಿಕ್ಕಮ್ಮ ಮಾತ್ರ ಉಗಿಯಲಿಲ್ಲ, ಎಸೆಯಲೂ ಇಲ್ಲ. ಕೂದಲಿನ ತುದಿಗೆ ಒಂದು ಕೆಂಪು ದಾರ ಕಟ್ಟಿ, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಇಟ್ಟು, ಟಪ್ಪೆಂದು ಮುಚ್ಚಳ ಹಾಕಿದಳು.

"ಜಡೆ ಯಾಕೆ ಒದ್ದೆ ಆಗೈತೆ?" ಎಂದು ಚಿಕ್ಕಮ್ಮ ಕೇಳಿದಳು.

"ಪಂಪ್‌ಸೆಟ್ ಹತ್ರ ನೀರು ಕುಡಿಯಕ್ಕೆ ಬಗ್ಗಿದ್ದೆ. ಮೇಲೆ ಬಿತ್ತು."

"ಅವುನಾ?"

ಚಿಕ್ಕಮ್ಮನ ಬಾಯಲ್ಲಿ ಆಗಾಗ ತೆಲುಗು ಬರುತ್ತದೆ, ಹೌದಾ ಎನ್ನುವುದಕ್ಕೆ ಅವುನಾ. ರಂಗಿಯ ಕತ್ತಿನ ಹಿಂದೆ ತಣ್ಣಗೆ ಏನೋ ತಾಗಿತು. ರಂಗಿ ಕನ್ನಡಿಯಲ್ಲಿ ನೋಡಿದಳು. ಚಿಕ್ಕಮ್ಮ ಒಂದು ಹಳದಿ ಕಾಗದದ ಚೂರನ್ನು ಒದ್ದೆ ಕೂದಲಿಗೆ ಒತ್ತಿ ಹಿಡಿದಿದ್ದಳು. ನೋಡನೋಡುತ್ತ ಆ ಹಳದಿ ಕಾಗದ ಕೆಂಪಗಾಯಿತು.

"ಹ್ಞೂಂ," ಎಂದಳು ಚಿಕ್ಕಮ್ಮ, ತನಗೆ ತಾನೇ. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು.

ರಂಗಿ ಒದ್ದೆ ಜಡೆಯನ್ನು ಲಂಗಕ್ಕೆ ಒತ್ತಿ ಒರೆಸಿಕೊಂಡಳು.

ರಂಗಿಯ ಪೂರ್ತಿ ಹೆಸರು ರಂಗಲಕ್ಷ್ಮಿ. ಓದುತ್ತಿದ್ದುದು ಗೌಡಗೆರೆಯ ಶಾಲೆಯಲ್ಲಿ, ಐದನೇ ಕ್ಲಾಸು. ಅವಳ ಅಮ್ಮ ಹೆರಿಗೆಗೆ ತವರಿಗೆ, ಕೊರಟಗೆರೆಗೆ, ಹೋಗಿ ಮೂರು ತಿಂಗಳಾಗಿತ್ತು. ಹೊರಟ ದಿನ ಬಸ್ಸು ಹತ್ತುವಾಗ ಅಮ್ಮ ತಿರುಗಿ, "ಸರೋಜ, ನನ್ ಮಗಳ ಜಡೆ ನಿನ್ ಕೈಗೆ ಕೊಟ್ಟೋಗ್ತಿದ್ದೀನಿ ಕಣಮ್ಮ," ಎಂದಿದ್ದಳು. ಆಗ ಆ ಜಡೆ ರಂಗಿಯ ಮುಂಗೈಯಷ್ಟು ದಪ್ಪ ಇತ್ತು. ಈಗ ಎರಡು ಬೆರಳಷ್ಟಾಗಿದೆ. ಮುಟ್ಟಿದರೆ ಒಣಗಿದ ಹುಲ್ಲಿನ ಹಾಗೆ ಚರಚರ ಅನ್ನುತ್ತದೆ.

ಸರೋಜ ಚಿಕ್ಕಮ್ಮ ನಾಗಲಿಂಗಯ್ಯ ಚಿಕ್ಕಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ. ಅವಳ ಊರು ಪಾವಗಡದ ಆಚೆ, ತಿರುಮಣಿ. ಎಸ್ಸೆಸ್ಸೆಲ್ಸಿ ಪಾಸಾದವಳು. ಆ ಮನೆಯಲ್ಲಿ ಅಷ್ಟು ಓದಿದವರು ಇನ್ಯಾರೂ ಇರಲಿಲ್ಲ, ಎಮ್ಮೆಯ ಮೈ ತೊಳೆಯಲು ಬಾರದವರೂ ಇನ್ಯಾರೂ ಇರಲಿಲ್ಲ. ಬಂದ ಹೊಸತರಲ್ಲಿ ಅವಳು ಸೀಗೆಕಾಯಿಯ ಬದಲು ಅಂಟುವಾಳದ ಕಾಯಿ ನೆನೆಸಿ, ನೊರೆ ಬರಿಸಿ, ಅಜ್ಜಿಯ ತಲೆಗೆ ಹಾಕಿದ್ದಳು. ಅದು ಅಜ್ಜಿಯ ಕಣ್ಣಿಗೆ ಹೋಯಿತು. ಅವತ್ತು ನರಸಮ್ಮಜ್ಜಿ ಕೂಗಿದ ಕೂಗಿಗೆ ಹಟ್ಟಿಯ ಕೋಳಿಗಳೆಲ್ಲ ಬಣವೆ ಹತ್ತಿದ್ದವು.

"ಇನ್ಮೇಲೆ ನಮ್ಮನೇಲಿ ಸೀಗೆಕಾಯಿ ಬುಟ್ಟು ಬೇರೇದು ತಲೆಗೆ ಸೋಕಕೂಡ್ದು! ಯಾರ್ ಸೋಕಿಸ್ತಾರೋ ಅವ್ರ ತಲೆ ಬೋಳಿಸ್ಬುಡ್ತೀನಿ!"

ಅಜ್ಜಿ ಹೇಳಿದ್ದನ್ನು ಮಾಡುವವಳು. ಅದು ಊರಿಗೇ ಗೊತ್ತು.

ಅನುಮಾನ ಅನ್ನುವುದು ತಲೆಯ ಹೇನಿನ ಹಾಗೆ. ಒಂದು ಸೇರಿಕೊಂಡರೆ ಸಾಕು, ನಾಳೆ ಹತ್ತಾಗಿರುತ್ತದೆ. ಆ ದಿನದಿಂದ ರಂಗಿ ಚಿಕ್ಕಮ್ಮನನ್ನು ಕಣ್ಣಿಟ್ಟು ಕಾಯತೊಡಗಿದಳು. ಅಡುಗೆಮನೆಯಲ್ಲಿದ್ದ ಮೂರು ನಿಂಬೆಹಣ್ಣಿನಲ್ಲಿ ಎರಡು ಇರಲಿಲ್ಲ. ಅರಿಶಿನದ ಡಬ್ಬಿ ಅರ್ಧ ಖಾಲಿ. ರಂಗಿಯ ಹಳೇ ಕಾಪಿ ಪುಸ್ತಕದಲ್ಲಿ ಮೂರು ಹಾಳೆ ಮಾಯ.

ಶನಿವಾರ ಅರ್ಧ ದಿನ ಸ್ಕೂಲು. ರಂಗಿ ಮುಂಬಾಗಿಲಿಗೆ ಬರದೆ ಸೀದಾ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಅಲ್ಲಿ ಚಿಕ್ಕಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಸಾಲಾಗಿ ಐದು ಕರಟಗಳಿದ್ದವು. ಒಂದೊಂದು ಕರಟದಲ್ಲಿ ಒಂದೊಂದು ಬಣ್ಣದ ನೀರು. ಒಂದೊಂದು ನೀರಿನಲ್ಲೂ ಒಂದೊಂದು ಕೂದಲಿನ ಕಟ್ಟು ತೇಲುತ್ತಿತ್ತು. ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು. ಬೇಲಿಯ ಮುಳ್ಳಿಗೆ ಹಳದಿ ಕಾಗದದ ಚೂರುಗಳನ್ನು ಚುಚ್ಚಿ ಒಣಗಲು ಬಿಟ್ಟಿದ್ದಳು.

"ಏನ್ ಚಿಕ್ಕಮ್ಮ ಅದು?"

ಚಿಕ್ಕಮ್ಮ ಬೆಚ್ಚಿಬಿದ್ದಳು. ಸರಕ್ಕನೆ ಬಿದಿರಿನ ಮಂಕರಿ ಎಳೆದು ಕರಟಗಳ ಮೇಲೆ ಕವುಚಿದಳು.

"ಏನಿಲ್ಲ, ಏನಿಲ್ಲ. ನೀನು ಮುದ್ದೆ ಉಣ್ಣೋಗು. ಅಜ್ಜಿಗೇನೂ ಹೇಳ್ಬೇಡಮ್ಮ, ಹ್ಞಾ?"

ಹೇಳಬೇಡ ಅಂದರೆ ಹೇಳದೆ ಇರುವುದು ಎಷ್ಟು ಕಷ್ಟ ಅಂತ ದೊಡ್ಡವರಿಗೆ ಗೊತ್ತಿರುವುದಿಲ್ಲ. ರಂಗಿ ಅಜ್ಜಿಗೆ ಹೇಳಲಿಲ್ಲ. ಪಕ್ಕದ ಮನೆಯ ಗೌರಕ್ಕನಿಗೆ ಹೇಳಿದಳು. ಗೌರಕ್ಕ ಆಗ ಕಡಲೆಕಾಯಿ ಸುಲಿಯುತ್ತಿದ್ದಳು. ಕೂದಲು ಅಂದಾಗ ಅವಳ ಕೈ ನಿಧಾನವಾಯಿತು. ದಾರ ಅಂದಾಗ ನಿಂತಿತು. ನಿಂಬೆಹಣ್ಣು ಅಂದ ಕೂಡಲೇ ಮೊರವನ್ನೇ ಪಕ್ಕಕ್ಕಿಟ್ಟಳು.

"ಅಯ್ಯೋ ಕೂಸೇ! ಕೂದ್ಲು, ದಾರ, ನಿಂಬೆಹಣ್ಣು! ಇನ್ನೇನ್ ಬಾಕಿ ಉಳೀತು? ನಿನ್ ತಲೆ ಇಂಗೆ ಉದುರ್ತಿರೋದು ಯಾಕೆ ಅಂತ ಈಗ ಗೊತ್ತಾಯ್ತು ಕಣಮ್ಮಿ. ಮಾಟ!"

"ಮಾಟಾನಾ?"

"ಮತ್ತಿನ್ನೇನು? ನಿಮ್ಮವ್ವಂಗೆ ಮೊಣಕಾಲವರ್ಗೂ ಜಡೆ. ನಿಂಗೂ ಅಂಗೇ ಬರ್ತೈತೆ ಅಂತ ಊರೆಲ್ಲ ಅಂತಾರೆ. ನಿಮ್ ಚಿಕ್ಕಮ್ಮನ ಜಡೆ ನೋಡು, ಇಲಿ ಬಾಲ. ಹೊಟ್ಟೆಕಿಚ್ಚು ಕಣಮ್ಮಿ."

ರಂಗಿ ಅಲ್ಲಿಂದ ಓಡಿದಳು. ಮನೆಗೆ ಬಂದು ತಲೆಗೆ ಟವೆಲ್ ಸುತ್ತಿಕೊಂಡು ಕೂತಳು. ರಾತ್ರಿ ಊಟಕ್ಕೆ ಚಿಕ್ಕಮ್ಮ ಬಡಿಸಿದ ಸಾರಿನಲ್ಲೂ ಏನಾದರೂ ತೇಲುತ್ತಿದೆಯಾ ಎಂದು ನೋಡಿದಳು. ಒಗ್ಗರಣೆ ಸಾಸಿವೆ ತೇಲುತ್ತಿತ್ತು. ಅದನ್ನೂ ನಂಬದೆ ಬರೀ ಮುದ್ದೆ ನುಂಗಿದಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ರಂಗಿ ಚಿಕ್ಕಮ್ಮನ ಗುಟ್ಟುಗಳನ್ನೆಲ್ಲ ಲೆಕ್ಕ ಇಡುತ್ತಿದ್ದಳಲ್ಲ, ಅವಳಲ್ಲೇ ಒಂದು ಗುಟ್ಟಿತ್ತು.

ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವಳು ಅಂಗಡಿ ದೊಡ್ಡಹನುಮಯ್ಯನವರ ಮಗಳು ಗಂಗರತ್ನ. ಮೂರು ತಿಂಗಳ ಹಿಂದೆ ಅವಳು ಮೂಗು ಮುಚ್ಚಿಕೊಂಡು, "ಲೇ, ನಿನ್ ತಲೆ ಹರಳೆಣ್ಣೆ ವಾಸ್ನೆ ಕಣೆ. ನಾನು ಆ ಕಡೆ ಬೆಂಚಿಗೆ ಹೋಗ್ತೀನಿ," ಎಂದಿದ್ದಳು. ಬೆಂಚು ಬದಲಿಸಿಯೂ ಬಿಟ್ಟಳು. ರಂಗಿ ಎರಡು ದಿನ ಒಬ್ಬಳೇ ಕೂತಳು. ಮೂರನೇ ದಿನ ಗಂಗರತ್ನನೇ ಬಂದು ಉಪಾಯ ಹೇಳಿಕೊಟ್ಟಳು. ಅಂಗಡಿಯಲ್ಲಿ ಬಾರ್ ಸೋಪನ್ನು ತುಂಡು ಮಾಡುವಾಗ ಉಳಿಯುವ ಚೂರನ್ನು ಅವಳು ತರುತ್ತಾಳೆ. ಕರೆಂಟ್ ಬಂದಾಗ ಪಂಪ್‌ಸೆಟ್ ಹತ್ತಿರ ಹೋಗಿ ತಲೆ ತೊಳೆದರೆ ಆಯಿತು.

ಅದು ಬಟ್ಟೆ ಒಗೆಯುವ ಸೋಪು. ಆದರೆ ಎಂಥ ನೊರೆ! ಎಣ್ಣೆಯೆಲ್ಲ ಒಂದೇ ಸಲಕ್ಕೆ ಹೋಗಿ ಕೂದಲು ಕಿರ್ ಕಿರ್ ಅನ್ನುತ್ತಿತ್ತು. ಗಂಗರತ್ನ ಮತ್ತೆ ಪಕ್ಕಕ್ಕೆ ಬಂದು ಕೂತಳು. ರಂಗಿ ವಾರಕ್ಕೆ ಎರಡು ಸಲ ತೊಳೆದಳು. ಸೋಪಿನ ಚೂರನ್ನು ಎಲೆಯಲ್ಲಿ ಸುತ್ತಿ ಬಣವೆಯ ಹಿಂದಿನ ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟಳು. ಇಷ್ಟು ಚೆನ್ನಾಗಿ ತೊಳೆದ ಕೂದಲು ಆ ತೊಳೆಯುವುದರಿಂದಲೇ ಉದುರುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಗ್ಗೆ ರಂಗಿ ತಲೆ ಬಾಚಿಕೊಂಡಳು. ಒಂದು ಹಿಡಿ ಕೂದಲು ಬಾಚಣಿಗೆಯ ಜೊತೆಗೇ ಬಂತು. ಅವಳಿಗೆ ಅಳು ತಡೆಯಲಾಗಲಿಲ್ಲ. ಓಡಿಹೋಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಎಲ್ಲವನ್ನೂ ಅಂದರೆ, ಚಿಕ್ಕಮ್ಮನದನ್ನೆಲ್ಲ.

ಅಜ್ಜಿ ಎದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಅದು ಒಳ್ಳೆಯ ಲಕ್ಷಣ ಅಲ್ಲ.

"ಸರೋಜೀ! ಆ ಡಬ್ಬಿ ತಗೊಂಬಾ!"

ಚಿಕ್ಕಮ್ಮ ಡಬ್ಬಿ ತಂದು ಜಗಲಿಯ ಮೇಲಿಟ್ಟಳು. ಚಿಕ್ಕಪ್ಪ ಎತ್ತಿಗೆ ನೀರಿಡುವುದನ್ನು ಬಿಟ್ಟು ಬಂದ. ರಂಗಿಯ ಅಪ್ಪ ಹೊಸದಾಗಿ ಹುಟ್ಟಿದ ಮಗುವನ್ನು ನೋಡಲು ಕೊರಟಗೆರೆಗೆ ಹೋಗಿದ್ದ. ಗೌರಕ್ಕ ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು ಕೂತಳು. ಕೈಯಲ್ಲಿ ಲೋಟ ಮಾತ್ರ ಇರಲಿಲ್ಲ.

ಅಜ್ಜಿ ಮುಚ್ಚಳ ತೆಗೆದಳು. ಬಿಳಿ, ಹಸಿರು, ಹಳದಿ, ನೀಲಿ, ಕೆಂಪು. ಐದು ಬಣ್ಣದ ದಾರ ಕಟ್ಟಿದ ಐದು ಕೂದಲಿನ ಕಟ್ಟು.

"ನೋಡ್ದಾ ನರಸಕ್ಕ? ನಾನ್ ನಿನ್ನೇನೇ ಕೂಸಿಗೆ ಹೇಳ್ಲಿಲ್ವಾ?" ಎಂದಳು ಗೌರಕ್ಕ.

"ಮಾಟ ಅಲ್ಲ ಅತ್ತಮ್ಮ!" ಎಂದಳು ಚಿಕ್ಕಮ್ಮ. "ರಂಗಿ ಕೂದ್ಲು ಯಾಕ್ ಉದುರ್ತೈತೆ ಅಂತ ನೋಡ್ತಿದ್ದೆ. ಅಕ್ಕ ಬಂದು ಕೇಳಿದ್ರೆ ಏನ್ ಹೇಳ್ಲಿ? ಹೈಸ್ಕೂಲಲ್ಲಿ ನಮ್ ಸೈನ್ಸ್ ಮೇಷ್ಟ್ರು ಹೇಳ್ಕೊಟ್ಟಿದ್ರು, ಯಾವ್ದನ್ನೂ ಒಂದೊಂದೇ ಬೇರೆ ಬೇರೆ ಮಾಡಿ ನೋಡ್ಬೇಕು ಅಂತ. ಅದುಕ್ಕೆ ಒಂದೊಂದು ಕಟ್ಟನ್ನ ಒಂದೊಂದ್ರಲ್ಲಿ ದಿನಾ ತೊಳ್ದೆ. ಬಿಳೀದು ಬರೀ ನೀರು. ಹಸಿರು ಸೀಗೆ. ಹಳದಿ ಕುಂಕುಡುಕಾಯಿ, ಅದೇ ಅಂಟುವಾಳ. ನೀಲಿ, ಸೀಗೆ ಜತೆಗೆ ಮೆಂತ್ಯ, ದಾಸವಾಳದ ಸೊಪ್ಪು."

"ಈ ಕೆಂಪುದಾರ?"

ಚಿಕ್ಕಮ್ಮ ಒಂದು ಸಲ, ಒಂದೇ ಒಂದು ಸಲ, ರಂಗಿಯ ಕಡೆ ನೋಡಿದಳು.

"ಅದು... ಬಾರ್ ಸೋಪು."

"ಬಾರ್ ಸೋಪಾ? ನಮ್ಮನೇಲಿ ಬಾರ್ ಸೋಪನ್ನ ತಲೆಗೆ ಯಾರ್ ಹಾಕ್ತಾರೆ?"

ರಂಗಿ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರೂ ಇಲ್ಲ ಅತ್ತಮ್ಮ," ಎಂದಳು ಚಿಕ್ಕಮ್ಮ. "ನಾನೇ ಸುಮ್ನೆ ನೋಡಾಣ ಅಂತ ಹಾಕ್ದೆ."

"ಸುಳ್ಳು!" ಅಜ್ಜಿ ಡಬ್ಬಿಯನ್ನು ಅಂಗಳಕ್ಕೆ ಎಸೆದಳು. "ಯಾರೂ ಹಾಕ್ದೇ ಇರೋದನ್ನ ಯಾಕ್ ನೋಡ್ತೀಯೇ? ಮುಖ ನೋಡಿದ್ರೇ ಗೊತ್ತಾಗ್ತೈತೆ, ಸುಳ್ಳು! ಲೇ ನಾಗಲಿಂಗ, ನಾಲ್ಕು ಗಂಟೆ ಬಸ್ಸಿಗೆ ಇವಳನ್ನ ಅವರಪ್ಪನ ಮನೆಗೆ ಬುಟ್ಟು ಬಾ. ನನ್ ದೊಡ್ ಸೊಸೆ ಬಾಣಂತನ ಮುಗಿಸ್ಕೊಂಡು ಬರೋವರ್ಗೂ ಇವಳು ಈ ಮನೇಲಿ ಇರಕೂಡ್ದು."

ಚಿಕ್ಕಪ್ಪ ತಲೆ ಕೆರೆದುಕೊಂಡ. ಅವನಿಗೆ ಅಮ್ಮನ ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ಚಿಕ್ಕಮ್ಮ ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದ ಸದ್ದು ಕೇಳಿಸಿತು.

ಅಂಗಳದಲ್ಲಿ ಕೂದಲಿನ ಕಟ್ಟುಗಳು ಚೆಲ್ಲಿದ್ದವು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ರಂಗಿ ಮೆಲ್ಲಗೆ ಅವುಗಳ ಹತ್ತಿರ ಕೂತಳು. ಮೊದಲು ಹೆದರಿ ಹೆದರಿ ಒಂದು ಬೆರಳಿನಿಂದ ಮುಟ್ಟಿದಳು. ಏನೂ ಆಗಲಿಲ್ಲ. ನೀಲಿ ದಾರದ್ದನ್ನು ಎತ್ತಿಕೊಂಡಳು. ನುಣ್ಣಗೆ ಬೆರಳ ಸಂದಿಯಲ್ಲಿ ಜಾರಿತು. ಹಸಿರು ದಾರದ್ದೂ ಚೆನ್ನಾಗಿತ್ತು. ಹಳದಿಯದು ಸ್ವಲ್ಪ ಒರಟು.

ಆಮೇಲೆ ಕೆಂಪು ದಾರದ್ದು. ಅದರ ಬಣ್ಣ ಕೆಟ್ಟಿತ್ತು. ತುದಿಗಳು ಸೀಳಿ, ಬೂದಿ ಬಳಿದ ಹಾಗೆ ಮಂಕಾಗಿತ್ತು. ಎಳೆದರೆ ಪಟ್ಟನೆ ತುಂಡಾಯಿತು. ರಂಗಿ ತನ್ನ ಜಡೆಯ ತುದಿಯನ್ನು ಮುಂದೆ ತಂದು ಅದರ ಪಕ್ಕದಲ್ಲಿ ಹಿಡಿದಳು.

ಎರಡೂ ಒಂದೇ.

ಒದ್ದೆ ಜಡೆಗೆ ಒತ್ತಿದ ಹಳದಿ ಕಾಗದ ಕೆಂಪಗಾಗಿದ್ದು ನೆನಪಾಯಿತು. ಚಿಕ್ಕಮ್ಮ "ಹ್ಞೂಂ" ಅಂದಿದ್ದೂ ನೆನಪಾಯಿತು. ಚಿಕ್ಕಮ್ಮನಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಈಗ ಯಾರೂ ಇಲ್ಲ ಅಂದಳು.

ಅವಳು ಬಣವೆಯ ಹಿಂದಕ್ಕೆ ಓಡಿದಳು. ಕಲ್ಲಿನ ಸಂದಿಯಿಂದ ಎಲೆಯ ಪೊಟ್ಟಣ ತೆಗೆದಳು. ಸೋಪಿನ ಚೂರು ಅಂಗೈಯಲ್ಲಿ ಜಾರುತ್ತಿತ್ತು. ಇದನ್ನು ಬಾವಿಗೆ ಎಸೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಮುಂದೆ ಸೋಪು ಹಾಕದಿದ್ದರೆ ಕೂದಲೂ ಉದುರುವುದಿಲ್ಲ. ಚಿಕ್ಕಮ್ಮ ಹೋದಳು, ಕೂದಲು ಉದುರುವುದು ನಿಂತಿತು, ನೋಡಿ ಮಾಟ ಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಇದನ್ನು ಅಜ್ಜಿಗೆ ತೋರಿಸಿದರೆ? ಕ್ಷೌರದ ಕತ್ತಿ, ಬೋಳು ತಲೆ, ಕ್ಲಾಸಿನಲ್ಲಿ ಗಂಗರತ್ನ. ರಂಗಿ ಎರಡೂ ಕೈಯಿಂದ ಜಡೆ ಹಿಡಿದುಕೊಂಡು ಅಲ್ಲೇ ನಿಂತಳು. ತುಂಬಾ ಹೊತ್ತು ನಿಂತಳು.

ಕೆರೆ ಏರಿಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು.

ಮನೆಯ ಮುಂದೆ ಚಿಕ್ಕಪ್ಪ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡಾಗಿತ್ತು. ಚಿಕ್ಕಮ್ಮ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟು ತಲೆಬಾಗಿಲ ಹೊಸ್ತಿಲು ದಾಟುತ್ತಿದ್ದಳು. ಅಜ್ಜಿ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಗೌರಕ್ಕ ಮತ್ತೆ ಬಂದು ಅವಳ ಪಕ್ಕದಲ್ಲಿ ಕೂತಿದ್ದಳು.

ರಂಗಿ ಓಡಿ ಬಂದು ಅಜ್ಜಿಯ ಮಡಿಲಿಗೆ ಸೋಪು ಹಾಕಿದಳು.

"ನಾನು," ಎಂದಳು. ಉಸಿರು ಸಿಗಲಿಲ್ಲ. "ನಾನೇ ಅಜ್ಜಿ. ಅಮ್ಮ ಹೋದಾಗಿಂದ. ಪಂಪ್‌ಸೆಟ್ ಹತ್ರ. ಚಿಕ್ಕಮ್ಮಂಗೆ ಗೊತ್ತಿತ್ತು. ನೀನು ತಲೆ ಬೋಳಿಸ್ತೀಯ ಅಂತ ಹೇಳ್ಲಿಲ್ಲ."

ಅಜ್ಜಿ ಸೋಪನ್ನು ನೋಡಿದಳು. ಮೂಸಿದಳು. ರಂಗಿಯ ಜಡೆಯನ್ನು ಎಳೆದುಕೊಂಡು ಅದನ್ನೂ ಮೂಸಿದಳು. ಗೌರಕ್ಕ ಬಾಯಿ ತೆರೆದಳು.

"ನೀನ್ ಸುಮ್ಕಿರು ಗೌರಿ," ಎಂದಳು ಅಜ್ಜಿ. "ಸರೋಜಿ, ಅದೇನೋ ಹಳದಿ ಕಾಗದ ಅಂತಲ್ಲ, ಏನದು?"

ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು. "ಅರಿಶಿನ ಬಳ್ದಿರೋ ಕಾಗದ ಅತ್ತಮ್ಮ. ಸೋಪು, ಬೂದಿ ಇಂಥ ಕ್ಷಾರದ ನೀರು ಸೋಕಿದ್ರೆ ಕೆಂಪಗಾಗ್ತೈತೆ. ಅಂಥ ಕ್ಷಾರ ಕೂದ್ಲನ್ನ ತಿಂತೈತೆ."

"ಅರಿಶಿನದ ಸೀರೆನ ಚೌಳು ಮಣ್ಣಲ್ಲಿ ಒಗುದ್ರೆ ಕೆಂಪಗಾಗ್ತೈತೆ. ಅದು ನಂಗೂ ಗೊತ್ತು. ಇದಕ್ಕೆ ಎಸ್ಸೆಸ್ಸೆಲ್ಸಿ ಬೇರೆ ಕೇಡು!"

ಹಾಗಂದರೂ ಅಜ್ಜಿ ಒಳಗೆ ಹೋಗಿ ಒಂದು ಚಿಟಿಕೆ ಅರಿಶಿನ ತಂದಳು. ಅಂಗೈಯಲ್ಲಿ ನೀರು ಹಾಕಿ ಕಲಸಿದಳು. ಸೋಪಿನ ಚೂರನ್ನು ಅದರ ಮೇಲೆ ಉಜ್ಜಿದಳು. ಅಂಗೈ ತುಂಬ ಕೆಂಪು ಹರಡಿತು. ಅಜ್ಜಿ ಅದನ್ನೇ ನೋಡುತ್ತ ಕೂತಳು.

ಚಿಕ್ಕಮ್ಮ ಕೊಟ್ಟಿಗೆಯ ಹಿಂದಕ್ಕೆ ಹೋಗಿ ಬಂದಳು. ಅಲ್ಲಿಂದ ತಂದ ಅರ್ಧ ನಿಂಬೆಹಣ್ಣನ್ನು ಅಜ್ಜಿಯ ಅಂಗೈಯ ಮೇಲೆ ಹಿಂಡಿದಳು. ಕೆಂಪು ಕರಗಿ ಮತ್ತೆ ಹಳದಿಯಾಯಿತು.

"ಅಬ್ಬಾ!" ಎಂದ ಚಿಕ್ಕಪ್ಪ, ತಲೆಯ ಮೇಲೆ ಟ್ರಂಕು ಹೊತ್ತುಕೊಂಡೇ.

"ಹುಳಿ, ಕ್ಷಾರಾನ ಮುರೀತೈತೆ," ಎಂದಳು ಚಿಕ್ಕಮ್ಮ ಮೆಲ್ಲಗೆ. "ಅದುಕ್ಕೇ ನಿಂಬೆಹಣ್ಣು. ನಿಮ್ ಸೀಗೇಲೂ ಹುಳಿ ಐತೆ. ನೀವ್ ಹೇಳಿದ್ದು ಸರಿನೇ ಅತ್ತಮ್ಮ, ಸೀಗೆನೇ ಒಳ್ಳೇದು. ಮೆಂತ್ಯ, ದಾಸವಾಳ ಸೇರಿಸಿದ್ರೆ ಇನ್ನೂ ಒಳ್ಳೇದು."

ರಸ್ತೆಯಲ್ಲಿ ಬಸ್ಸು ಬಂದು ನಿಂತಿತು. "ಸಿರಾ, ಸಿರಾ, ಸಿರಾ!" ಎಂದು ಕಂಡಕ್ಟರ್ ಕೂಗಿದ. ಯಾರೂ ಅಲ್ಲಾಡಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತಪ್ಪಾಯಿತು ಎಂದು ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಆ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದೂ ಕಷ್ಟ.

"ಲೇ ನಾಗಲಿಂಗ, ಅದೇನ್ ಟ್ರಂಕ್ ಹೊತ್ಕೊಂಡು ಗರುಡಗಂಬ ನಿಂತಂಗೆ ನಿಂತಿದ್ದೀಯ? ಒಳಗಿಕ್ಕು. ಸರೋಜಿ, ಆ ಕರಟ ಎಲ್ಲಾ ಎತ್ತಿಡು, ದನ ತುಳಿದ್ಬುಡ್ತವೆ. ಗೌರಿ, ನಿಂಗೆ ಹೆಪ್ಪು ಬೇಕಲ್ಲ, ಲೋಟ ಎಲ್ಲಿ?"

ಗೌರಕ್ಕ ಲೋಟ ತರಲು ಹೋದವಳು ಅವತ್ತು ಮತ್ತೆ ಬರಲಿಲ್ಲ.

"ನಿನ್ ತಲೆ ವಿಚಾರ," ಎಂದು ಅಜ್ಜಿ ರಂಗಿಯ ಕಡೆ ತಿರುಗಿದಳು. ರಂಗಿ ಕಣ್ಣು ಮುಚ್ಚಿಕೊಂಡಳು. "ನಿಮ್ಮ ಚಿಕ್ಕಮ್ಮ ಏನ್ ಹೇಳ್ತಾಳೋ ಅಂಗೆ."

ಚಿಕ್ಕಮ್ಮ ಜಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ತುದಿ ನಾಲ್ಕು ಬೆರಳು ಕತ್ತರಿಸ್ಬೇಕು. ಅದು ಸತ್ತೋಗೈತೆ. ಮಿಕ್ಕಿದ್ದು ಬದುಕ್ತೈತೆ."

ಮುಂದಿನ ಶನಿವಾರ ಸಾಯಂಕಾಲ, ಎರೆದುಕೊಂಡ ತಲೆ ಆರಿದ ಮೇಲೆ, ರಂಗಿ ಕನ್ನಡಿಯ ಮುಂದೆ ಕೂತಿದ್ದಳು. ತಲೆಯಿಂದ ಸೀಗೆ, ಮೆಂತ್ಯದ ವಾಸನೆ ಬರುತ್ತಿತ್ತು. ಸೋಮವಾರ ಗಂಗರತ್ನ ಬೆಂಚು ಬದಲಿಸಿದರೂ ಬದಲಿಸಬಹುದು. ಅದನ್ನು ನೆನೆದರೆ ಸ್ವಲ್ಪ ಬೇಸರವಾಗುತ್ತಿತ್ತು. ಅಜ್ಜಿ ಬಾಗಿಲಲ್ಲಿ ಕೂತು, "ಕಣ್ಣುರಿ ಬರ್ಲಿಲ್ಲ ತಾನೆ? ನಾಳೆ ನಂಗೂ ಅದೇ ಪುಡಿ ಹಾಕು. ಸುಮ್ನೆ ನೋಡಾಣ ಅಂತ, ಅಷ್ಟೆಯ," ಎಂದಳು.

ಚಿಕ್ಕಮ್ಮ ಬಾಚಿ ಮುಗಿಸಿ, ಬಾಚಣಿಗೆಯನ್ನು ಪಕ್ಕಕ್ಕಿಟ್ಟು, ಟೇಪು ಹುಡುಕಲು ಎದ್ದಳು. ರಂಗಿ ಬಾಚಣಿಗೆಯನ್ನು ಎತ್ತಿಕೊಂಡಳು. ಹಲ್ಲುಗಳ ನಡುವೆ ಸಿಕ್ಕಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿದಳು. ಉದ್ದಕ್ಕೆ ನೀವಿ ತೊಡೆಯ ಮೇಲೆ ಜೋಡಿಸಿದಳು. ಹೋದ ವಾರದಷ್ಟು ಇರಲಿಲ್ಲ.

ಅವಳು ಉಗಿಯಲಿಲ್ಲ. ಚಿಕ್ಕಮ್ಮ ತಿರುಗಿ ಬಂದಾಗ ಕೂದಲನ್ನು ಅವಳ ಅಂಗೈಯಲ್ಲಿ ಇಟ್ಟಳು.

"ಇದಕ್ಕೆ ಯಾವ್ ಬಣ್ಣದ ದಾರ, ಚಿಕ್ಕಮ್ಮ?" ಎಂದು ಕೇಳಿದಳು.